ಅರ್ಧ ನಕ್ಷಿ

ನೂಲೆಳೆದು ಎಳೆದು ಶಮಾಳ ಬೆರಳ ತುದಿಗಳು ಬಿರಿದಿದ್ದವು. ಫೋನಿನ ಗಾಜಿಗೆ ಆ ಬೆರಳಿನ ಗುರುತೇ ಹತ್ತುತ್ತಿರಲಿಲ್ಲ, ಗೆಣ್ಣಿನಿಂದ ಒತ್ತುತ್ತಿದ್ದಳು. ತಗಡಿನ ಮನೆ, ಅದರ ತುಂಬ ಮಗ್ಗ, ಕಾಲು ಚಾಚಲು ಜಾಗವಿಲ್ಲ. ಅವಳು ನೇಯ್ದ ಜಮಖಾನೆ ಊರೂರು ತಿರುಗಿತ್ತು. ಅವಳ ಹೆಸರು ಮಾತ್ರ ನವಲಗುಂದ ದಾಟಿರಲಿಲ್ಲ.

ಹುಬ್ಬಳ್ಳಿಯ ಗೌರೀಶ ಫೋನಿನೊಳಗೇ ಅಂಗಡಿ ಇಟ್ಟವನು. ನಕ್ಷಿಗಳ ಚಿತ್ರ ಮಾರುತ್ತಿದ್ದ. ಕೊಂಡವರು ಬಟ್ಟೆ ಮೇಲೆ, ಗೋಡೆ ಮೇಲೆ ಅಚ್ಚು ಹಾಕಿಸಿಕೊಳ್ಳುತ್ತಿದ್ದರು.

"ನಿಮ್ಮ ನವಿಲಿನ ನಕ್ಷಿ ಕಳಸ್ರಿ ಚಾಚಿ. ನಿಮ್ಮ ಹೆಸರಿಲೇ ಇಲ್ಲೊಂದು ಅಂಗಡಿ ತಗದು ಪಾಸ್‌ವರ್ಡ್ ಕೊಡ್ತೇನಿ" ಅಂದ.

ಶಮಾ ಸುಮ್ಮನೆ ಮೋಸ ಹೋಗುವವಳಲ್ಲ. "ಮೊದಲ ಅರ್ಧಾ ಕೊಡ್ತೇನ್ರಿ. ಪಾಸ್‌ವರ್ಡ್ ಬಂದ ಮ್ಯಾಲೆ ಇನ್ನರ್ಧಾ" ಅಂದವಳೇ ಜಮಖಾನೆಯ ಬಲಗಡೆ ಮಡಚಿ, ಎಡಗಡೆಯದಷ್ಟೇ ಫೋಟೊ ತೆಗೆದು ಕಳಿಸಿದಳು.

ಪಾಸ್‌ವರ್ಡ್ ಬರಲಿಲ್ಲ. ಮರುವಾರ ಪೂರಾ ನವಿಲಿನ ನಕ್ಷಿ ಅವನ ಅಂಗಡಿಯಲ್ಲಿ ಕೂತಿತ್ತು. ಕೆಳಗೆ ಗೌರೀಶನ ಹೆಸರು.

"ಉಳಿದರ್ಧಾ ಅಂವಗ ಎಲ್ಲಿ ಸಿಕ್ತು?"

ಅದೇ ಮಗ್ಗಕ್ಕೆ ಜೊತೆಗೆ ಕೂರುವ ದುಂಡವ್ವ ನಗತೊಡಗಿದಳು. "ಜಮಖಾನಿ ಎಡಕ ಹೆಂಗೋ ಬಲಕ ಹಂಗ ಅಲ್ಲೇನ್ ಬೇ? ಚಿತ್ರಾ ತಿರುವಿ ಜೋಡಿಸ್ಯಾನ. ಮಗಳು ಗಂಡನ ಮನಿಗೆ ಒಯ್ತಾಳಂತ ಆಕಿಗೂ ನಕ್ಷಿ ಕಲಿಸಲಿಲ್ಲ ನೀ, ಸೊಸಿಗಷ್ಟ ಕಲಿಸಿದಿ. ಈಗ ಹುಬ್ಬಳ್ಳಿ ಗಂಡಸನ್ನ ಸೊಸಿ ಮಾಡ್ಕೊಂಡಿ ನೋಡು."

ಶಮಾಗೂ ನಗು ಬಂತು. ಆದರೆ ನಕ್ಕು ಸುಮ್ಮನೆ ಕೂರಲಿಲ್ಲ. ಓಣಿಯ ಮಗ್ಗಮಗ್ಗಕ್ಕೂ ಹೋಗಿ ನಡೆದದ್ದನ್ನು ಹೇಳಿ, ಅವನು ನಕ್ಷಿ ಕೇಳಿದರೆ ಏನನ್ನಬೇಕೆಂದೂ ಮಾತಾಡಿಕೊಂಡು ಬಂದಳು.

ಗೌರೀಶನ ಗಿರಾಕಿಗಳಿಗೆ ರುಚಿ ಹತ್ತಿತ್ತು. ಫೋನ್ ಮಾಡಿದ. "ಚಾಚಿ, ಇನ್ನೊಂದು ನಕ್ಷಿ ಕಳಸ್ರಿ."

"ನವಿಲನ್ನ ಮೊದಲ ನನ್ನ ಹೆಸರಿಗೆ ಹಚ್ರಿ. ಆಮ್ಯಾಲೆ ನನ್ನ ಹೊಸಾ ನಕ್ಷಿ, ನಿಮ್ಮ ಪಾಸ್‌ವರ್ಡ್ ಎರಡೂ ದುಂಡವ್ವನ ಕೈಯಾಗ ಇಡೂಣು. ಆಕಿ ಎರಡೂ ನೋಡಿ ಇಬ್ಬರಿಗೂ ಕೂಡೇ ಕೊಡ್ತಾಳ."

"ನನ್ನ ಮ್ಯಾಲ ನಂಬಿಕಿ ಇಲ್ಲೇನ್ರಿ?"

"ಐತ್ರಿ. ಅರ್ಧಾ."

"ಬ್ಯಾಡ ಬಿಡ್ರಿ. ನಿಮ್ಮ ಓಣ್ಯಾಗ ಮಗ್ಗಕ್ಕೇನು ಬರಗಾಲ?"

ಬಾಜು ಮನೆಯಲ್ಲಿ ಫೋನ್ ಹೊಡೆಯಿತು. "ದುಂಡವ್ವನ ಕೈಯಾಗ ಇಡ್ರಿ" ಅಂದಳು ಹನಮವ್ವ. ಅದರಾಚೆ ಮನೆಯಲ್ಲಿ ಹೊಡೆಯಿತು. ಅಲ್ಲೂ ಅದೇ ಮಾತು. ಓಣಿಯ ತುದಿತನಕ ಫೋನು ಹೊಡೆಯುತ್ತ ಹೋಯಿತು, ಅದರ ಬೆನ್ನಿಗೇ ನಗೆ. ಕಡೆಗೆ ಸುತ್ತಿ ಬಂದು ಶಮಾಳ ಬಾಜೂಕೇ ಹೊಡೆಯಿತು.

"ನಾನ ದುಂಡವ್ವ ಮಾತಾಡೂದು. ಏನಿಡ್ತೀರಿ ಹೇಳ್ರಿ."

ಸಂಜೆಗೆ ನವಿಲಿನ ಕೆಳಗಿನ ಹೆಸರು ಬದಲಾಗಿತ್ತು: ಶಮಾ, ನವಲಗುಂದ. ಹಿಂದೆಯೇ ಗೌರೀಶನ ಫೋನ್.

"ಹೆಸರು ಕೊಟ್ಟೇನಿ ಚಾಚಿ. ಈಗಾದ್ರೂ ನಕ್ಷಿ ಕಳಸ್ರಿ."

"ಹೆಸರು ಮೊದಲ ನಂದ ಇತ್ತಪ್ಪ" ಅಂದಳು ಶಮಾ. "ನೀ ಇನ್ನೂ ಏನೂ ಕೊಟ್ಟಿಲ್ಲ."