ಫ್ಯಾನಿನವರು

ವೇದಿಕೆಯ ಮೇಜಿನ ಮೇಲೆ ಯಾರೋ ಒಂದು ಟೇಬಲ್ ಫ್ಯಾನು ತಂದಿಟ್ಟು, ಅದರ ತಲೆಗೆ ಕಂಪನಿಯ ಟೋಪಿ ಸಿಕ್ಕಿಸಿ, ಸ್ವಿಚ್ ಒತ್ತಿದ್ದರು. ಫ್ಯಾನು ಎಡಕ್ಕೂ ಬಲಕ್ಕೂ ಕತ್ತು ತಿರುಗಿಸುತ್ತ ಸಭೆಯನ್ನೆಲ್ಲ ನೋಡುತ್ತಿತ್ತು. "ಹೊಸ ವಿಮಾನ ಬಂತು, ಎಲ್ಲರೂ ಬೆಲ್ಟ್ ಹಾಕ್ಕೊಳ್ಳಿ" ಎಂದ ಹಿಂದಿನ ಸಾಲಿನವನೊಬ್ಬ. ಜನ ಗೊಳ್ಳೆಂದು ನಕ್ಕರು. ಪೈಲಟ್‌ಗಳ ಸಂಘದ ಅಧ್ಯಕ್ಷನೂ ನಗಬೇಕಾಯಿತು. ನಗದಿದ್ದರೆ, ನೋಡಿ, ಈಗಲೇ ತಮ್ಮನ ಕಡೆ ವಾಲಿದ ಎಂದು ಆಡಿಕೊಳ್ಳುತ್ತಿದ್ದರು. ಅವನು ನಕ್ಕು, ಕೈ ಚಾಚಿ ಫ್ಯಾನು ಆರಿಸಿದ.

ನಗುವ ವಿಷಯವೇನೂ ಅಲ್ಲ. ಇವರದು ಜೆಟ್ ವಿಮಾನಗಳ ದೊಡ್ಡ ಕಂಪನಿ. ಅದೇ ಮಾಲೀಕರ ಇನ್ನೊಂದು ಸಣ್ಣ ಕಂಪನಿ, ರೆಕ್ಕೆಗೆ ಒಂದೊಂದು ಪ್ರೊಪೆಲ್ಲರ್ ಸಿಕ್ಕಿಸಿಕೊಂಡ ಟರ್ಬೊಪ್ರಾಪ್ ವಿಮಾನಗಳಲ್ಲಿ ಸಣ್ಣಪುಟ್ಟ ಊರುಗಳಿಗೆ ಜನರನ್ನು ಹೊತ್ತು ತಿರುಗುತ್ತಿತ್ತು. ಜೆಟ್‌ನವರ ಬಾಯಲ್ಲಿ ಅವು ಫ್ಯಾನು, ಹಾರಿಸುವವರು ಫ್ಯಾನಿನವರು. ಈಗ ಸಣ್ಣದನ್ನು ಮುಚ್ಚಿ, ಅದರ ವಿಮಾನಗಳನ್ನು ದೊಡ್ಡದಕ್ಕೆ ಸೇರಿಸುವುದೆಂದು ಮೇಲಿನವರು ತೀರ್ಮಾನಿಸಿದ್ದರು. ವಿಮಾನಗಳ ಜೊತೆ ಪೈಲಟ್‌ಗಳನ್ನೂ ತೆಗೆದುಕೊಳ್ಳಬೇಕೋ ಬೇಡವೋ ಎಂಬುದನ್ನು ಮಾತ್ರ, ದೊಡ್ಡ ಮನಸ್ಸು ಮಾಡಿ, ಸಂಘಕ್ಕೆ ಬಿಟ್ಟಿದ್ದರು. ಸಂಘ ಬೇಡವೆಂದರೆ ಫ್ಯಾನಿನವರು ಮನೆಗೆ. ಅವರಲ್ಲಿ ಅಧ್ಯಕ್ಷನ ಒಡಹುಟ್ಟಿದ ತಮ್ಮನೂ ಒಬ್ಬ.

ತಮ್ಮನಿಗೆ ನಲವತ್ತು ದಾಟಿತ್ತು. ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಈ ವಯಸ್ಸಿನಲ್ಲಿ ಫ್ಯಾನು ಬಿಟ್ಟರೆ ಬೇರೇನೂ ಗೊತ್ತಿಲ್ಲದವನನ್ನು ಯಾವ ಕಂಪನಿಯೂ ಬಾ ಎನ್ನುವುದಿಲ್ಲ. ಬೆಳಿಗ್ಗೆ ಡ್ಯೂಟಿಗೆ ಹೊರಡುವ ಮುಂಚೆ ಫೋನ್ ಮಾಡಿದ್ದ. ಸಹಾಯ ಮಾಡು ಎಂದು ಕೇಳಲೇ ಇಲ್ಲ. "ನಿನಗೆ ಸರಿ ಕಂಡಿದ್ದು ಮಾಡು ಅಣ್ಣಾ" ಎಂದಷ್ಟೇ ಹೇಳಿ ಇಟ್ಟಿದ್ದ. ಕೇಳಿದ್ದರೆ ಒಂದಿಷ್ಟು ಬೈದು ಹಗುರಾಗಬಹುದಿತ್ತು ಎಂದು ಅಧ್ಯಕ್ಷನಿಗೆ ಅನ್ನಿಸಿತ್ತು.

ಚರ್ಚೆ ಸಾಗಿತು. ಇಷ್ಟು ವರ್ಷ ಜೆಟ್ ಹಾರಿಸಿದ ಕಂಪನಿಯ ಬಣ್ಣವನ್ನು ಫ್ಯಾನಿಗೆ ಬಳಿಯುವುದನ್ನು ಈ ಕಣ್ಣಲ್ಲಿ ನೋಡಬೇಕೇ ಎಂದು ಬಿಳಿಮೀಸೆಯ ಕ್ಯಾಪ್ಟನ್ ನೊಂದುಕೊಂಡರು. ಮೀಸೆಯವರು ನಿವೃತ್ತಿಯ ಅಂಚಿನಲ್ಲಿದ್ದರು, ಹಾಗಾಗಿ ಮಾನ ಮರ್ಯಾದೆಯ ಬಗ್ಗೆ ಯೋಚಿಸಲು ಅವರಿಗೆ ಪುರುಸೊತ್ತಿತ್ತು. ಇನ್ನೊಬ್ಬರು, ಇಂಧನ ಉಳಿಯುತ್ತದೆ, ಚಿಕ್ಕ ರನ್‌ವೇಗಳಿಗೆ ಜೆಟ್ ಇಳಿಯುವುದೇ ಇಲ್ಲ, ವಿಮಾನಗಳು ಬಂದರೆ ನಮಗೇ ಒಳ್ಳೆಯದು ಎಂದರು. ವಿಮಾನ ಬರಲಿ ಎನ್ನುವುದಕ್ಕೆ ನಿಧಾನವಾಗಿ ಎಲ್ಲರೂ ಒಪ್ಪಿದರು. ಕಚ್ಚಾಟ ಶುರುವಾದದ್ದು ಮನುಷ್ಯರ ವಿಷಯಕ್ಕೆ. ಈ ಕಸುಬಿನಲ್ಲಿ ಯಾವ ಸೀಟು, ಯಾವ ವಿಮಾನ, ಯಾವಾಗ ರಜೆ ಎಂಬುದನ್ನೆಲ್ಲ ತೀರ್ಮಾನಿಸುವುದು ಸೇವೆಯ ವರ್ಷಗಳು. ಫ್ಯಾನಿನವರು ತಮ್ಮ ವರ್ಷಗಳನ್ನು ಹೊತ್ತು ಒಳಗೆ ಬಂದರೆ ಜೆಟ್‌ನ ಕಿರಿಯರೆಲ್ಲ ಅವರ ಕೆಳಗೆ. ಬರದಿದ್ದರೆ ಆ ವಿಮಾನಗಳ ಕ್ಯಾಪ್ಟನ್ ಸೀಟುಗಳೆಲ್ಲ ಈ ಕಿರಿಯರಿಗೇ. ಹೊಟ್ಟೆಪಾಡು ಇಬ್ಬರದ್ದೂ ನಿಜ.

ಕಿರಿಯರ ಪರವಾಗಿ ಎದ್ದವನು ಒಬ್ಬ ಕೋಪೈಲಟ್. ಸೋಪಿನ ಪೊಟ್ಟಣದ ಮೇಲೆ ಅಚ್ಚಾದ ಅಕ್ಷರವನ್ನೂ ಓದದೆ ಬಿಡುವವನಲ್ಲ. ಆದ್ದರಿಂದ ವಕೀಲ ಎಂದೇ ಹೆಸರು. ಅವನು ದನಿಯೇರಿಸದೆ, ತಾವು ಕಲಿತ ಕೆಲಸವೇ ಬೇರೆ, ಅವರದೇ ಬೇರೆ ಎಂದು ವಿವರಿಸಿದ. ಕೊನೆಗೆ, "ಅವರು ಓಡಿಸೋದು ಬಸ್ಸು. ಬಸ್ಸಿನವರನ್ನ ನಮ್ಮ ತಲೆ ಮೇಲೆ ಕೂರಿಸಬೇಡಿ" ಎಂದ. ಚಪ್ಪಾಳೆ ಬಿತ್ತು.

ಅಧ್ಯಕ್ಷನಿಗೆ ಮೈಯೆಲ್ಲ ಉರಿದುಹೋಯಿತು. ತಾನೇ ಎಷ್ಟು ಸಲ ಊಟಕ್ಕೆ ಕೂತಾಗ ತಮ್ಮನನ್ನು, ಏನಪ್ಪಾ, ಫ್ಯಾನು ತಿರುಗ್ತಾ ಇದೆಯಾ ಎಂದು ಕಾಲೆಳೆದಿಲ್ಲ? ಆದರೆ ಮನೆಯವರು ಆಡುವುದು ಬೇರೆ, ಬೇರೆಯವರು ಆಡುವುದು ಬೇರೆ. ಅಧ್ಯಕ್ಷನಾದವನು ಚರ್ಚೆಯಲ್ಲಿ ಬಾಯಿ ಹಾಕುವಂತಿಲ್ಲ. ಅವನು ತನ್ನ ಕುರ್ಚಿಯನ್ನು ಕಾರ್ಯದರ್ಶಿಗೆ ಬಿಟ್ಟುಕೊಟ್ಟು, ಮೆಟ್ಟಿಲಿಳಿದು, ಸಭೆಯ ನಡುವಿನ ಮೈಕಿಗೆ ಬಂದ.

"ಮೋಡ ಬಂದ್ರೆ ನಾವು ಮೇಲಕ್ಕೆ ಹೋಗ್ತೀವಿ. ಅವರಿಗೆ ಆ ಭಾಗ್ಯ ಇಲ್ಲ, ಒಳಗೇ ಹೋಗ್ಬೇಕು" ಎಂದು ಶುರುಮಾಡಿದ. ಮಾತು ಅವನಿಗೆ ಯಾವತ್ತೂ ಕೈಕೊಟ್ಟಿರಲಿಲ್ಲ. ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಟರ್ಬೊಪ್ರಾಪ್ ಪೈಲಟ್ ಒಬ್ಬನಿಗೆ ಎದುರಾದ ಕಥೆ ಹೇಳಿದ. ಮೋಡದೊಳಗೆ ರೆಕ್ಕೆಯ ಮೇಲೆ ಮಂಜುಗಡ್ಡೆ ಕಟ್ಟುತ್ತಲೇ ಹೋಯಿತು, ಒಡೆದುಹಾಕುವ ಯಂತ್ರಕ್ಕೂ ಬಗ್ಗಲಿಲ್ಲ. ವೇಗ ಕುಸಿಯಿತು. ಕೈಯಲ್ಲಿದ್ದ ಹಿಡಿಕೆ ಗಡಗಡ ನಡುಗಿತು. ರೆಕ್ಕೆ ಇನ್ನು ಹೊರಲಾರದು ಎಂದು ವಿಮಾನ ಕೊಡುವ ಕೊನೆಯ ಎಚ್ಚರಿಕೆ ಅದು. ಮರುಕ್ಷಣವೇ ವಿಮಾನ ಒಂದು ಮಗ್ಗುಲಿಗೆ ಕುಸಿಯಿತು. ಕೆಳಗೆ ಬೆಟ್ಟಗಳು. ಅಂಥ ಹೊತ್ತಿನಲ್ಲಿ ಯಾರ ಕೈಯಾದರೂ ಮೂತಿಯನ್ನು ಮೇಲಕ್ಕೇ ಎಳೆಯುತ್ತದೆ. ಅವನು ಬೆಟ್ಟದ ಕಡೆಗೇ ಕೆಳಕ್ಕೆ ಒತ್ತಿ, ವೇಗ ಬರುವ ತನಕ ಕಾದು, ಆಮೇಲೆ ಎತ್ತಿದ.

"ಹಿಂದೆ ಕೂತಿದ್ದವರು ಏನೋ ಗಾಳಿ ಹೊಡೆತ ಅಂದ್ಕೊಂಡ್ರು. ಇಳಿದು, ಟೀ ಕುಡಿದು, ಅದೇ ವಿಮಾನ ತಗೊಂಡು ವಾಪಸ್ ಬಂದ. ಅವನು ನನ್ನ ತಮ್ಮ. ನಾನಾಗಿದ್ರೆ ಆ ವಿಮಾನ ಉಳೀತಿರ್ಲಿಲ್ಲ. ನನಗಿಂತ ಒಳ್ಳೇ ಪೈಲಟ್ ಅವನು. ಅವನನ್ನ ಬಸ್ಸಿನವನು ಅಂತೀರಾ?"

ಬಿಳಿಮೀಸೆಯವರು ಮೆಲ್ಲಗೆ ತಲೆದೂಗುತ್ತಿದ್ದರು. ಗೆದ್ದೆ ಎಂದುಕೊಂಡ ಅಧ್ಯಕ್ಷ.

ವಕೀಲ ಮತ್ತೆ ಎದ್ದ. ಅವನ ಮುಖದಲ್ಲಿ ಕೊಂಕು ಇರಲಿಲ್ಲ, ಅದೇ ಹೆಚ್ಚು ಭಯ ಹುಟ್ಟಿಸಿತು. "ಸರ್, ಎರಡೂ ಕಂಪನಿಯ ಸೇಫ್ಟಿ ರಿಪೋರ್ಟ್‌ಗಳನ್ನ ನಾನು ಒಂದೂ ಬಿಡದೆ ಓದ್ತೀನಿ. ಇದನ್ನ ಓದಿದ ನೆನಪಿಲ್ಲ."

ತಾನೇನು ಹೇಳಿಬಿಟ್ಟೆನೆಂದು ಅಧ್ಯಕ್ಷನಿಗೆ ಆಗ ಹೊಳೆಯಿತು. ಹಿಡಿಕೆ ನಡುಗಿದರೆ ವರದಿ ಕೊಡಬೇಕು. ಎಂಜಿನಿಯರು ರೆಕ್ಕೆ ಬಾಲ ಎಲ್ಲ ತಪಾಸಣೆ ಮಾಡುವ ತನಕ ಆ ವಿಮಾನ ನೆಲ ಬಿಡಬಾರದು. ಇದು ಈ ಕಸುಬಿಗೆ ಬಂದವರು ಮೊದಲ ತಿಂಗಳೇ ಕಲಿಯುವ ಪಾಠ. ಕುಸಿದದ್ದಕ್ಕೆ ಕ್ಷಮೆಯುಂಟು, ಮುಚ್ಚಿಟ್ಟದ್ದಕ್ಕಿಲ್ಲ. ಮುಚ್ಚಿಟ್ಟು, ಜನರನ್ನು ಹತ್ತಿಸಿಕೊಂಡು ಅದೇ ವಿಮಾನ ಹಾರಿಸಿದವನ ಲೈಸೆನ್ಸ್ ಉಳಿಯುವುದಿಲ್ಲ. ಅಂದು ತಮ್ಮ ಇವನ ಮನೆಗೆ ಬಂದು, ಅಡುಗೆಮನೆಯಲ್ಲಿ ನಿಂತು, ಎರಡು ಕಂಪನಿ ಸೇರಿಸುವ ಮಾತು ಎದ್ದಿದೆ, ಈಗ ಕಪ್ಪುಚುಕ್ಕೆ ಬಿದ್ದರೆ ನನ್ನ ಕಥೆ ಮುಗಿಯಿತು, ಇದು ನಮ್ಮಿಬ್ಬರಲ್ಲೇ ಇರಲಿ ಎಂದು ಅಂಗಲಾಚಿದ್ದ. ಇವನು ಬುದ್ಧಿ ಹೇಳಬೇಕಿತ್ತು, ಹೇಳಲಿಲ್ಲ. ಬಾಯಿಗೆ ಬೀಗ ಹಾಕಿಕೊಂಡಿದ್ದ. ಆ ಬೀಗವನ್ನು ಇವತ್ತು ಇಷ್ಟು ಜನರ ಮುಂದೆ, ಮೈಕಿನಲ್ಲಿ, ತಾನೇ ತೆಗೆದ.

ರಿಪೋರ್ಟ್ ಕೊಟ್ಟಿದ್ದಾನೆ ಎಂದು ಸುಳ್ಳು ಹೇಳಲು ನಾಲಿಗೆಯೇನೋ ಎದ್ದಿತು. ಆದರೆ ಮುಂದಿನ ಸಾಲಿನಲ್ಲೇ ಸೇಫ್ಟಿ ಕ್ಯಾಪ್ಟನ್ ಕೂತಿದ್ದರು. ಎರಡೂ ಕಂಪನಿಯ ವರದಿಗಳು ಅವರ ಕೈ ದಾಟಿಯೇ ಹೋಗಬೇಕು. ಅಧ್ಯಕ್ಷನೂ ಅವರೂ ಒಂದೇ ಬ್ಯಾಚಿನವರು, ಒಂದೇ ಕೋಣೆಯಲ್ಲಿದ್ದು ಓದಿದವರು. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ನಾನು ಇವತ್ತು ಬರಬಾರದಿತ್ತು. ಕೇಳಿದ ಮೇಲೆ ಬಿಡೋ ಹಾಗಿಲ್ಲ" ಎಂದರು, ಯಾರಿಗೆಂದಿಲ್ಲದೆ. ಎದ್ದು, ಫೋನು ಕೈಯಲ್ಲಿ ಹಿಡಿದು, ಹೊರಗೆ ನಡೆದರು.

ಕೈ ಎತ್ತಿ ಮತ ಹಾಕಿದ್ದಾಯಿತು. ವಿಮಾನಗಳು ಬರಲಿ, ಪೈಲಟ್‌ಗಳು ಬೇಡ. ಬೆಳಿಗ್ಗೆ ತಾವಾಗಿ ಬಂದು, ನಿಮ್ಮ ತಮ್ಮನ ಕಡೆಗೇ ನನ್ನ ಮತ ಎಂದಿದ್ದವರ ಕೈಗಳೂ ತೊಡೆಯ ಮೇಲೇ ಉಳಿದವು.

ತಮ್ಮನ ಫೋನು ಆಫ್ ಆಗಿತ್ತು, ಆಕಾಶದಲ್ಲಿದ್ದ. ಅಧ್ಯಕ್ಷ ವಿಮಾನ ನಿಲ್ದಾಣಕ್ಕೆ ಹೋಗಿ, ಸಿಬ್ಬಂದಿ ಹೊರಬರುವ ಮೊಗಸಾಲೆಯಲ್ಲಿ ನಿಂತ. ಮೊದಲು ಪ್ರಯಾಣಿಕರು ಬಂದರು, ಆಮೇಲೆ ಚಕ್ರದ ಪೆಟ್ಟಿಗೆ ಎಳೆದುಕೊಂಡು ತಮ್ಮ. ಅಣ್ಣನನ್ನು ಕಂಡದ್ದೇ ಅವನ ಮುಖ ಅರಳಿತು. ಸುದ್ದಿ ಹೇಳಲು ಸ್ವತಃ ಬಂದಿದ್ದಾನೆಂದರೆ ಒಳ್ಳೆಯದೇ ಎಂದು ಅವನ ಲೆಕ್ಕ.

ಅಧ್ಯಕ್ಷ ಸುತ್ತಿಬಳಸಲಿಲ್ಲ. ಮತದ ವಿಷಯ ಹೇಳಿದ, ಮೈಕಿನಲ್ಲಿ ಆಡಿದ್ದನ್ನು ಹೇಳಿದ, ವಕೀಲ ಕೇಳಿದ್ದನ್ನು ಹೇಳಿದ. ತಮ್ಮ, ಪೆಟ್ಟಿಗೆಯ ಹಿಡಿ ಬಿಟ್ಟು ಗೋಡೆಗೆ ಒರಗಿದ.

"ಯಾಕಣ್ಣಾ?"

"ಬಸ್ಸಿನವರು ಅಂದ್ರು ಕಣೋ. ತಡ್ಕೊಳ್ಳೋಕಾಗ್ಲಿಲ್ಲ. ನಿನ್ನನ್ನ ಹೊಗಳೋಕೆ ಹೋದೆ."

ಬೈಯಲಿ, ಕೊರಳಪಟ್ಟಿ ಹಿಡಿಯಲಿ ಎಂದು ಅಧ್ಯಕ್ಷ ಕಾದ. ತಮ್ಮ, ವಾಲಿದ್ದ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದ.

"ಏನಂತ ಹೊಗಳ್ದೆ?"

"ಈಗ್ಯಾಕೋ ಅದು?"

"ಅಷ್ಟು ಜನ ಕೇಳಿದ್ದಾರೆ. ನಾನೊಬ್ಬನೇ ಕೇಳಿಲ್ಲ."

ಸಭೆಯಲ್ಲಿ ನೀರಿನಂತೆ ಹರಿದ ಮಾತು ಈಗ ಸುಲಭಕ್ಕೆ ಬರಲಿಲ್ಲ. ಅಧ್ಯಕ್ಷ ಎರಡು ಸಲ ಕೆಮ್ಮಿದ. "ನನಗಿಂತ ಒಳ್ಳೇ ಪೈಲಟ್ ಅಂದೆ" ಎಂದ.

ತಮ್ಮ ತಲೆಯಾಡಿಸಿದ. ಮೊಗಸಾಲೆಯ ಕೊನೆಯಲ್ಲಿ ಸೇಫ್ಟಿ ಕ್ಯಾಪ್ಟನ್ ಬಂದು ನಿಂತಿದ್ದರು. ಅಣ್ಣತಮ್ಮಂದಿರ ಮಾತು ಮುಗಿಯಲೆಂದು, ವಿಮಾನಗಳ ಸಮಯ ತೋರಿಸುವ ಫಲಕವನ್ನು ಓದುವವರಂತೆ ಆ ಕಡೆ ಮುಖ ಮಾಡಿದ್ದರು. ತಮ್ಮನು ಟೋಪಿ ಸರಿಮಾಡಿಕೊಂಡು, ಪೆಟ್ಟಿಗೆಯನ್ನು ಅಣ್ಣನ ಹತ್ತಿರವೇ ಬಿಟ್ಟು, ಅವರ ಕಡೆಗೆ ನಡೆದ. ಅವರು ಏನೋ ಹೇಳಿದರು, ಇವನು ಹೂಂ ಎಂದಂತೆ ಕಂಡಿತು. ಆಮೇಲೆ ಕ್ಯಾಪ್ಟನ್ ಸೇಫ್ಟಿ ಕಚೇರಿಯ ಬಾಗಿಲನ್ನು ತೆರೆದು ಹಿಡಿದುಕೊಂಡು, ಮನೆಗೆ ಬಂದ ನೆಂಟರನ್ನು ಕರೆಯುವ ಹಾಗೆ, ಮೊದಲು ತಮ್ಮನನ್ನೇ ಒಳಗೆ ಬಿಟ್ಟರು.