ಹೆಚ್ಚಾದ ಒಂದು ಕೊಡ

ಮಣ್ಣಿಗೆ ಬಂದ ನೆಂಟರೆಲ್ಲ ನೆಲೋಗಿ ಬಸ್ಸು ಹತ್ತಿ ಹೋದ ಮರುದಿನ ಬೆಳಿಗ್ಗೆ, ಸುಭದ್ರಾ ನೀರು ತುಂಬಲೆಂದು ಹೋಗಿ ಬಚ್ಚಲ ಕಟ್ಟೆಯ ಮುಂದೆ ನಿಂತುಬಿಟ್ಟಳು. ಒಬ್ಬ ಕಡಿಮೆಯಾದ ಮನೆಯಲ್ಲಿ ಒಂದು ಕೊಡ ಹೆಚ್ಚಾಗಿತ್ತು. ತಾಮ್ರದ್ದು, ಹೊಟ್ಟೆಗೆ ತಗ್ಗು ಬಿದ್ದದ್ದು. ಕಂಠದ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರು: ಚಂದಮ್ಮ. ಗಂಡ ಶಿವರಾಯ ಕೆಳಗಿನ ಓಣಿಯ ಆ ಮುದುಕಿಯಿಂದ ಕೇಳಿ ತಂದದ್ದು. ನಾಳೆ ಕೊಟ್ಟು ಬರುತ್ತೇನೆ ಎನ್ನುತ್ತಲೇ ಇದ್ದ.

ಸೂತಕ ಹಿಡಿಯುವ ಮನೆಯಲ್ಲ ಅದು. ವಿಭೂತಿ ಇಟ್ಟು ಮಣ್ಣು ಕೊಟ್ಟು ಬಂದ ಮೇಲೆ ಒಲೆ ಹೊತ್ತಿಸಬೇಕು, ರೊಟ್ಟಿ ಬಡಿಯಬೇಕು. ಬಡಿದಳು. ಸೂತಕವಾದರೂ ಇದ್ದಿದ್ದರೆ ಕೂರಲು ಒಂದು ಮೂಲೆ ಸಿಗುತ್ತಿತ್ತು ಅನ್ನಿಸಿತು. ಅಳು ಬರಲಿಲ್ಲ.

ಶಿವರಾಯ ಜೇವರ್ಗಿಯ ಹೊಸ ಬಡಾವಣೆಗೆ ನಕ್ಷೆ ಮಾಡುತ್ತಿದ್ದ ಎಂಜಿನಿಯರ್. ಬಡಾವಣೆಯ ತಗ್ಗಿನಲ್ಲಿ ಒಡ್ಡು ಒಡೆದ ಹಳೆಯ ಕೆರೆಯಿತ್ತು, ಅರ್ಧ ಕಸ, ಅರ್ಧ ಜೊಂಡು. ಹೂಳು ತೆಗೆದು, ಒಡ್ಡು ಕಟ್ಟಿ, ಜೊಂಡನ್ನು ಹಾಗೇ ಉಳಿಸಿ, ಬೀದಿಗಳ ಮಳೆನೀರನ್ನೆಲ್ಲ ಅದಕ್ಕೆ ತಿರುಗಿಸುವುದು ಅವನ ಯೋಜನೆ. ಕೆಸರಿನ ಆಳ ನೋಡಲು ಜೊಂಡಿಗೆ ಇಳಿದವನಿಗೆ ಹಾವು ಕಚ್ಚಿತು. ಗುಲಬರ್ಗಾಕ್ಕೆ ಒಯ್ಯುತ್ತಿದ್ದ ಜೀಪು ಕಟ್ಟಿಸಂಗಾವಿಯ ಸೇತುವೆ ಮುಟ್ಟುವ ಮುಂಚೆಯೇ ಎಲ್ಲ ಮುಗಿದಿತ್ತು.

ಹೊತ್ತೇರಿದ ಮೇಲೆ ಬಡಾವಣೆ ಸೊಸೈಟಿಯ ಅಧ್ಯಕ್ಷ ಅಂಬಾರಾಯ ಬಂದ. ಪಡಸಾಲೆಯಲ್ಲಿ ಮಾವ ಚಂದ್ರಾಮಪ್ಪನ ಎದುರು ಕುಳಿತು, ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ.

“ಯಜಮಾನ್ರ, ಒಂದ್ ಮಾತ್ ಹೇಳ್ತೇನಿ. ಆ ಕೆರಿ ಮುಚ್ಚಿಬಿಡೂಣು. ಅದರ ಮ್ಯಾಲ ಹೂದೋಟ ಮಾಡಿ, ನಿಮ್ಮ ಮಗನ ಹೆಸರ ಇಡೂಣು.”

“ಮುಚ್ಚರಿ,” ಎಂದ ಚಂದ್ರಾಮಪ್ಪ. “ನನ್ನ ಮಗನ್ನ ನುಂಗಿದ ತೆಗ್ಗ ಅದು. ಅದರಾಗ ಕಲ್ಲ ಬೀಳೂದು ನಾ ಕಣ್ಣಿಲೆ ನೋಡಬೇಕು.”

ಅಂಬಾರಾಯ ಬಾಗಿಲಲ್ಲಿ ನಿಂತಿದ್ದ ಸುಭದ್ರಾಳ ಕಡೆ ತಿರುಗಿದ. “ನಕಾಶಾ ನಾಳೆ ಗುಲಬರ್ಗಾಕ್ಕ ಹೋಗಬೇಕ್ ತಂಗಿ. ಹೊಸಾದು ಬರಿಯಾಕ ಮತ್ಯಾರ್ ಅದಾರ? ಶಾಯಿ ಹಾಕಿದವರು ನೀವ. ಬ್ಲೇಡಿನಿಂದ ಆ ಕೆರಿ ಅಷ್ಟು ಅಳಿಸಿ ಕೊಡ್ರಿ, ಸಾಕು.”

“ಆಗ್ಲಿರಿ,” ಎಂದಳು ಸುಭದ್ರಾ. ಬೇಡ ಎನ್ನುವಂಥದ್ದು ಅವಳೊಳಗೆ ಏನೂ ಇರಲಿಲ್ಲ. ಆ ಕೆರೆ ಅವಳ ಕಣ್ಣಿಗೂ ಬೇಡವಾಗಿತ್ತು.

ಧಾರವಾಡದಲ್ಲಿ ಭೂಗೋಳ ಓದಿ ಎಂ.ಎ. ಮಾಡಿದವಳು. ಗಂಡನದು ಪೆನ್ಸಿಲ್ಲು, ಅವಳದು ಶಾಯಿ. ನಕ್ಷೆಯ ಪಾರದರ್ಶಕ ಹಾಳೆ ಹಾಸಿ ಕುಳಿತಳು. ಕೆರೆಯ ತುಂಬ ಅವಳು ಬಿಡಿಸಿದ ಸಣ್ಣ ಸಣ್ಣ ಜೊಂಡುಗಳು. “ಇದು ಜೊಂಡೋ, ನಿಮ್ಮಪ್ಪನ ಹೊಲದ ಜ್ವಾಳೋ?” ಎಂದು ಬೆನ್ನ ಹಿಂದೆ ನಿಂತು ಛೇಡಿಸಿದ್ದ. ಬ್ಲೇಡು ಇಟ್ಟಳು. ಮೊದಲ ಜೊಂಡು ಪುಡಿಯಾಗಿ ಎದ್ದಿತು. ಊದಿದಳು. ಎರಡನೆಯದರ ಮೇಲೆ ಬ್ಲೇಡಿಟ್ಟು ತಲೆಯೆತ್ತಿದಾಗ ಬಾಗಿಲಾಚೆ ಆ ಕೊಡ ಕಂಡಿತು.

ಹಿಂದೊಮ್ಮೆ ಶಿವರಾಯ ಕೆರೆಯ ದಂಡೆಯಲ್ಲಿ ಕುಣಿ ತೋಡಿ, ಅದೇ ಕೊಡದಿಂದ ನೀರು ಸುರಿದು, ಅವಳನ್ನೂ ಪಕ್ಕಕ್ಕೆ ಕೂರಿಸಿಕೊಂಡು ನೋಡಿದ್ದ. ಮೊದಮೊದಲು ನೆಲ ಗಟಗಟ ಕುಡಿಯಿತು. ಆಮೇಲೆ ಉಬ್ಬಿ ಬಾಯಿ ಮುಚ್ಚಿಕೊಂಡಿತು. ಮರುದಿನ ಹೋದರೂ ನೀರು ಹಾಗೇ ನಿಂತಿತ್ತು.

“ನೋಡು, ಈ ಕರಿ ಎರಿ ನೆಲ ಹೊಟ್ಟಿ ತುಂಬಿದ ಮ್ಯಾಲ ಒಂದ್ ಗುಟುಕೂ ಕುಡಿಯಂಗಿಲ್ಲ. ಇಷ್ಟೊಂದು ಮನಿ ಎದ್ದಮ್ಯಾಲ ಮಳಿನೀರಿಗೆ ನಿಂದ್ರಾಕ ಜಾಗಾ ಬೇಕು. ನಾವ್ ಕೊಡ್ಲಿಲ್ಲಂದ್ರ ಅದು ಹೋಗಿ ಚಂದಮ್ಮನ ಒಲಿಯಾಗ ನಿಂದ್ರತದ.” ಚಂದಮ್ಮನ ಓಣಿ ಕೆರೆಯ ಕೆಳಗಿತ್ತು.

ಸುಭದ್ರಾ ಬ್ಲೇಡು ಬದಿಗಿಟ್ಟು, ಅಳಿಸಿದ ಜೊಂಡನ್ನು ಮತ್ತೆ ಬರೆದಳು. ಹೆರೆದ ಹಾಳೆಯ ಮೇಲೆ ಶಾಯಿ ಹರಡಿ, ಅದೊಂದೇ ದಪ್ಪಗಾಯಿತು. ಹಾಗೇ ಬಿಟ್ಟಳು.

“ಕೆರಿ ಇರ್ಲಿರಿ,” ಎಂದು, ಪಡಸಾಲೆಯಲ್ಲಿ ಕಾದು ಕುಳಿತವನಿಗೆ ಹಾಳೆ ಕೊಟ್ಟಳು.

ಅಂಬಾರಾಯನಿಗೆ ತಿಳಿಯಲಿಲ್ಲ. “ಮತ್ತ ಅವರ ಹೆಸರ ಬ್ಯಾಡೇನ್ರಿ?”

“ಬ್ಯಾಡ್ರಿ.”

ಅವನು ಮುದುಕನ ಮುಖ ನೋಡಿದ, ಹಾಳೆ ನೋಡಿದ, ಕೊನೆಗೆ ಸುರುಳಿ ಸುತ್ತಿ ಬಗಲಿಗೆ ಇಟ್ಟುಕೊಂಡ. “ಮದಲ ಹ್ಯಾಂಗಿತ್ತೋ ಹಂಗ ಕಳಸ್ತೇನಿ,” ಎಂದು ಮೆಲ್ಲಗೆ ಎದ್ದು ಹೋದ.

ಸೊಸೆಯನ್ನು ‘ಅವ್ವಾ’ ಎಂದಲ್ಲದೆ ಕರೆಯದ ಚಂದ್ರಾಮಪ್ಪ ಗೋಡೆಗೆ ಹೇಳಿದ: “ಅಕಿಗೇನು, ಕಲತಾಕಿ. ಮಗ ಹೋದದ್ದು ನನಗ.”

ಸುಭದ್ರಾ ಬಚ್ಚಲಿಗೆ ಹೋದಳು. ಕೊಡ ಎತ್ತಿಕೊಂಡು ಹೊರಟಳು.

ಕಡ ತಂದ ಪಾತ್ರೆಯನ್ನು ಬರಿದಾಗಿ ಮರಳಿಸುವ ರೂಢಿಯಿಲ್ಲ. ಕಾಳೋ ಬೆಲ್ಲವೋ ಹಾಕಬೇಕು. ಅದು ದಾರಿಯಲ್ಲಿ ನೆನಪಾಯಿತು. ಮತ್ತೆ ಆ ಮನೆಯೊಳಗೆ ಹೋಗಿ ಮಾವನ ಮುಂದೆ ಡಬ್ಬಿ ತೆರೆಯುವುದು ಅವಳಿಂದಾಗಲಿಲ್ಲ. ಕೆರೆಯ ಕಡೆ ತಿರುಗಿದಳು.

ಗಂಡನನ್ನು ಹೊತ್ತು ತಂದವರು ತುಳಿದ ಜೊಂಡು ಇನ್ನೂ ಎದ್ದಿರಲಿಲ್ಲ. ಆ ಜಾಡಿನಲ್ಲೇ ಸೀರೆ ಎತ್ತಿಕಟ್ಟಿ ಇಳಿದಳು. ಕೊಡ ಬಾಗಿಸಿದಾಗ ಗುಳುಗುಳು ಎಂದಿತು, ಯಾವ ಬಾವಿಯಲ್ಲಾದರೂ ಅನ್ನುವ ಹಾಗೆಯೇ. ಆ ಸದ್ದಿಗೆ ಅವಳು ಅತ್ತಳು. ಕೊಡ ತುಂಬಿದ ಮೇಲೂ ಅತ್ತಳು.

ಚಂದಮ್ಮ ಹೊಸ್ತಿಲಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದಳು. ಮೊಣಕಾಲತನಕ ಮೆತ್ತಿದ ಕೆಸರು ನೋಡಿ ಎದ್ದು ನಿಂತಳು.

“ಖಾಲಿ ತಂದಿದ್ರ ಏನಾಗ್ತಿತ್ತ ಯವ್ವಾ?”

“ಅವರು ಕೊಡೂದು ತಡ ಆತು, ಆಯಿ.”

ಚಂದಮ್ಮ ಎರಡೂ ಕೈ ಚಾಚಿ ಕೊಡ ಇಸಿದುಕೊಂಡಳು. ಸುಭದ್ರಾಳ ಎಡಗೈ ಮಾತ್ರ, ಕೊಡ ಇನ್ನೂ ಅಲ್ಲಿದೆಯೋ ಎಂಬಂತೆ, ಸೊಂಟದ ಬಳಿ ಹಾಗೇ ಬಾಗಿತ್ತು.