ಪರದೆಯೆಲ್ಲ ಹಸಿರು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕೂತು ಇಡೀ ಕಟ್ಟಡದ ನೆಟ್‌ವರ್ಕ್ ಕಾಯುವುದು ಅವಳ ಕೆಲಸ. ರೋಗಿಯ ತಲೆದೆಸೆಯ ಯಂತ್ರ ಸಣ್ಣಗೆ ಕೂಗಿದರೆ, ಆ ಕೂಗು ನರ್ಸುಗಳ ಮೇಜಿಗೆ ಮುಟ್ಟುವುದು ಆ ತಂತಿಗಳಲ್ಲೇ. ತಂತಿ ಕೈಕೊಟ್ಟರೆ ಅವಳ ಪರದೆ ಕೆಂಪಾಗಬೇಕು. ಹೊಸ ತಂತ್ರಾಂಶ ಹಾಕಿದ ಹನ್ನೊಂದು ದಿನದಿಂದ ಒಂದು ಚುಕ್ಕೆಯೂ ಕೆಂಪಾಗಿರಲಿಲ್ಲ. ಮೇಲಧಿಕಾರಿ ಬೆನ್ನು ತಟ್ಟಿದ್ದರು, ಅವಳೂ ಹಿಗ್ಗಿದ್ದಳು. ಹಿಗ್ಗುವ ಮೊದಲು ಒಂದು ತಂತಿ ಕಿತ್ತು ನೋಡಬೇಕಿತ್ತು. ಅಷ್ಟು ಬುದ್ಧಿ ಇಬ್ಬರಿಗೂ ಬರಲಿಲ್ಲ.

ಎದೆಯ ಶಸ್ತ್ರಚಿಕಿತ್ಸೆಯಾಗಿದ್ದ ಅಪ್ಪನನ್ನು ಆ ಬೆಳಿಗ್ಗೆ ಮೂರನೇ ಮಹಡಿಯ ವಾರ್ಡಿಗೆ ತಂದಿದ್ದರು. ಊಟ ಮುಗಿಸಿ ಬಂದವಳು, ಮನಸ್ಸಿನ ಸಮಾಧಾನಕ್ಕೆಂದು ಪರದೆಯ ಪಟ್ಟಿಯಲ್ಲಿ ಆ ಮಹಡಿಯನ್ನು ಹುಡುಕಿದಳು. ಇರಲಿಲ್ಲ. ಎರಡನೆಯದೂ ಇರಲಿಲ್ಲ. ಇದ್ದದ್ದು ನೆಲಮಹಡಿ ಒಂದೇ.

ಹೊಸ ತಂತ್ರಾಂಶಕ್ಕೆ ತಾನೇ ಬರೆದಿದ್ದ ಆದೇಶದ ಸಾಲನ್ನು ತೆರೆದಳು. ಎಲ್ಲ ಮಹಡಿಗಳನ್ನೂ ನೋಡು ಎನ್ನುವ ಆಯ್ಕೆಯನ್ನು ಸರ್ವರಿನ ಹೆಸರಾದ ಮೇಲೆ ಹಾಕಿದ್ದಳು. ಹಳೆಯ ತಂತ್ರಾಂಶದಲ್ಲಿ ಹಾಗೇ ನಡೆಯುತ್ತಿತ್ತು. ಹೊಸದು ಹೆಸರಿನ ನಂತರ ಬಂದದ್ದನ್ನು ಓದುವುದೇ ಇಲ್ಲ. ಓದಲಿಲ್ಲ ಎಂದು ಬಾಯಿ ಬಿಡುವುದೂ ಇಲ್ಲ. ಮಾವ ಹೇಳಿದ್ದಕ್ಕೆಲ್ಲ ಹೂಂಗುಟ್ಟಿ ಒಂದು ಕಡ್ಡಿಯನ್ನೂ ಎತ್ತಿಡದ ಅಳಿಯನ ಜಾತಿ ಅದು.

ಆಯ್ಕೆಯನ್ನು ಹೆಸರಿಗಿಂತ ಮೊದಲು ತಂದು ಮತ್ತೆ ಚಾಲೂ ಮಾಡಿದಳು. ಪರದೆ ಕೆಂಪಾಯಿತು. ಮೂರನೇ ಮಹಡಿಗೆ ಒಂಬತ್ತೂವರೆಯಿಂದ ಸಂಪರ್ಕವಿಲ್ಲ. ಈಗ ಎರಡು ಗಂಟೆ.

ಫೋನ್ ಎತ್ತಿ ಆ ಮಹಡಿಯ ನರ್ಸುಗಳ ಮೇಜಿಗೆ ಕರೆ ಮಾಡಿದಳು. "ಸಿಸ್ಟರ್, ಬೆಳಿಗ್ಗೆಯಿಂದ ಅಲಾರಂ ಏನಾದ್ರೂ ಬಂತಾ?"

"ಇಲ್ಲಮ್ಮ, ಪುಣ್ಯಕ್ಕೆ ಇವತ್ತು ಒಂದೂ ಇಲ್ಲ."

"ಬರೋದೇ ಇಲ್ಲ ಸಿಸ್ಟರ್. ತಂತಿ ಸತ್ತಿದೆ. ಒಂದೊಂದು ಹಾಸಿಗೇನೂ ಹೋಗಿ ನೋಡಿ, ಈಗಲೇ."

ಲಿಫ್ಟಿಗೆ ಕಾಯುವಷ್ಟು ತಾಳ್ಮೆ ಅವಳಲ್ಲಿರಲಿಲ್ಲ. ಮೆಟ್ಟಿಲು ಹತ್ತುತ್ತ, ಅಪ್ಪ ಒಬ್ಬ ಉಳಿದರೆ ಸಾಕು, ಬೇರೇನೂ ಬೇಡ ಎಂದು ಕಂಡ ಕಂಡ ದೇವರಿಗೆಲ್ಲ ಹೇಳಿಕೊಂಡಳು. ಹಾಗೆ ಬೇಡಿಕೊಂಡದ್ದಕ್ಕೆ ಆಗ ನಾಚಿಕೆಯೂ ಆಗಲಿಲ್ಲ.

ಅಪ್ಪ ದಿಂಬಿಗೆ ಒರಗಿ ಕೂತಿದ್ದರು. ಅವರ ಕೈಯನ್ನು ಕಣ್ಣಿಗೊತ್ತಿಕೊಂಡು ಅವಳು ಬಿಕ್ಕಿ ಬಿಕ್ಕಿ ಅತ್ತಳು. ಪಕ್ಕದ ಹಾಸಿಗೆಯ ಸುತ್ತ ಕರ್ಟನ್ ಎಳೆದಿತ್ತು. ಒಳಗೆ ನಾಲ್ಕಾರು ಜನರ ಕಾಲುಗಳು ಕಾಣುತ್ತಿದ್ದವು.

"ಯಾಕೆ ಮಗಳೇ ಅಳ್ತೀಯ, ನಂಗೇನಾಗಿಲ್ಲ," ಎಂದರು ಅಪ್ಪ. ಆಮೇಲೆ ದನಿ ತಗ್ಗಿಸಿದರು. "ಪಾಪ, ಈ ಪಕ್ಕದವರ ಮಿಷನ್ನು ತುಂಬಾ ಹೊತ್ತಿಂದ ಕೂಗ್ತಿತ್ತು. ಯಾರನ್ನಾದ್ರೂ ಕರೀರಿ ಅಂದ್ರು. ನಾನೇ ಧೈರ್ಯ ಹೇಳ್ದೆ. ಕೆಳಗೆ ನನ್ನ ಮಗಳು ಕೂತು ನೋಡ್ತಿರ್ತಾಳೆ, ಸುಮ್ಮನೆ ಮಲಗಿ, ಈಗ ಬರ್ತಾರೆ ಅಂತ."

ಕರ್ಟನ್ನಿನ ಒಳಗೆ ಡಾಕ್ಟರು, ತೀರಿಕೊಂಡ ಸಮಯ ಬರೆದುಕೊಳ್ಳಲು ನರ್ಸಿಗೆ ಹೇಳುತ್ತಿದ್ದರು.